ಫೈರ್ ಸ್ಟೇಷನ್‌ಗೆ ಮತ: 75 ಪದದಲ್ಲಿ ಹಿಡಿಯದ ಲೆಕ್ಕ

ಕ್ಯಾಲಿಫೋರ್ನಿಯಾದ ಊರೊಂದು ಹಳೆಯ ಅಗ್ನಿಶಾಮಕ ಠಾಣೆ ಕೆಡವಿ ಹೊಸದು ಕಟ್ಟಲು ಬಾಂಡ್ ಹೊರಡಿಸಿ ಸಾಲ ಎತ್ತಬೇಕೆಂದರೆ ಊರ ಜನರನ್ನು ಕೇಳಬೇಕು. ಮತಪತ್ರದ ಮೇಲೆ ಆ ಪ್ರಶ್ನೆಗೆ ಸಿಗುವ ಜಾಗ 75 ಪದ. ಯಾಕೆ ಬೇಕು, ಎಷ್ಟು ಸಾಲ, ಆಸ್ತಿ ತೆರಿಗೆಗೆ ಎಷ್ಟು ಸೇರುತ್ತದೆ, ಎಷ್ಟು ವರ್ಷ ಕಟ್ಟಬೇಕು, ಎಲ್ಲವೂ ಅಷ್ಟರಲ್ಲೇ ಬರಬೇಕು. ಮೊತ್ತ, ದರ, ಅವಧಿ ಮೂರನ್ನೂ ಹೇಳಲೇಬೇಕೆಂದು 2017ರಲ್ಲಿ ಕಾನೂನು ಬಿಗಿಯಾದ ಮೇಲೆ ವಿವರಣೆಗೆ ಉಳಿಯುವ ಪದಗಳು ಇನ್ನೂ ಕಡಿಮೆ. ಹಾಗಾಗಿ ಬಹಳ ಮಂದಿ ‘ಅಗ್ನಿಶಾಮಕದವರು ಬೇಕಪ್ಪ’ ಎಂದು ಹೌದು ಒತ್ತುತ್ತಾರೆ, ‘ಇನ್ನೊಂದು ತೆರಿಗೆಯಾ’ ಎಂದು ಉಳಿದವರು ಬೇಡ ಒತ್ತುತ್ತಾರೆ. ಮತಪತ್ರ ಕೇಳುತ್ತಿರುವುದು ಇವೆರಡನ್ನೂ ಅಲ್ಲ. ಅದು ಕೇಳುತ್ತಿರುವುದು ಒಂದು ಕಟ್ಟಡದ ಸಾಲವನ್ನು ಹೊಸ ತೆರಿಗೆಯಿಂದ ತೀರಿಸಲು ಒಪ್ಪುತ್ತೀರಾ ಎಂದು. ಕಟ್ಟಡದೊಳಗೆ ಇರಬೇಕಾದ ಜನ, ನಿಲ್ಲಬೇಕಾದ ಗಾಡಿ ಆ ಪ್ರಶ್ನೆಯ ಒಳಗಿಲ್ಲ.

ಫ್ರೀಮಾಂಟ್, ಸ್ಯಾನ್ ಹೋಸೆ, ಸನಿವೇಲ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಈ ಬಗೆಯ ಪ್ರಶ್ನೆ ಹೊಸದಲ್ಲ. ಫ್ರೀಮಾಂಟ್‌ನಲ್ಲಿ 2002ರಲ್ಲೇ ಠಾಣೆಗಳಿಗೆಂದು 5.1 ಕೋಟಿ ಡಾಲರ್ ಬಾಂಡ್ ಪಾಸಾಗಿತ್ತು. ಆದರೆ ಕರ್ನಾಟಕದ ನಮ್ಮ ಊರುಗಳಲ್ಲಿ ಇಂಥ ಮತದಾನ ನೋಡಿ ಬೆಳೆದವರು ನಾವಲ್ಲ, ಆದ್ದರಿಂದ ಬುಡದಿಂದ ನೋಡುವುದು ಒಳ್ಳೆಯದು.

ಮೂರರಲ್ಲಿ ಎರಡು

ಅಮೆರಿಕದಲ್ಲಿ ಬೆಂಕಿ ಆರಿಸುವುದು ಊರಿನ ಕೆಲಸ. ನಗರಸಭೆಯೋ ಕೌಂಟಿಯೋ ಅಥವಾ ಬೆಂಕಿಗೆಂದೇ ರಚಿಸಿಕೊಂಡ ಫೈರ್ ಡಿಸ್ಟ್ರಿಕ್ಟೋ ಅದನ್ನು ನಡೆಸುತ್ತದೆ. ಕ್ಯಾಲಿಫೋರ್ನಿಯಾದ 1879ರ ಸಂವಿಧಾನವೇ ಒಂದು ವರ್ಷದ ಆದಾಯ ಮೀರುವ ಸಾಲಕ್ಕೆ ಮತದಾರರ ಮೂರನೇ ಎರಡು ಪಾಲು ಒಪ್ಪಿಗೆ ಬೇಕು ಎಂದಿತ್ತು. 1978ರ ಪ್ರೊಪೊಸಿಷನ್ 13 (ರಾಜ್ಯದ ಮತದಾರರ ಮುಂದೆ ನೇರವಾಗಿ ಬರುವ ಪ್ರಸ್ತಾವವನ್ನು ಹೀಗೆ ಕರೆಯುತ್ತಾರೆ) ಆಸ್ತಿ ತೆರಿಗೆಯನ್ನು ನಿಗದಿತ ಮೌಲ್ಯದ ಶೇ. 1ಕ್ಕೆ ಕಟ್ಟಿಹಾಕಿದಾಗ ಹೊಸ ಬಾಂಡ್‌ಗಳ ದಾರಿಯೇ ಮುಚ್ಚಿತು. 1986ರ ಪ್ರೊಪೊಸಿಷನ್ 46 ಅದನ್ನು ಮತ್ತೆ ತೆರೆಯಿತು, ಅದೇ ಮೂರನೇ ಎರಡರ ಷರತ್ತಿನ ಮೇಲೆ. ಶಾಲೆಗಳಿಗೆ ಮಾತ್ರ 2000ದಲ್ಲಿ ಆ ಮಿತಿ ಶೇ. 55ಕ್ಕೆ ಇಳಿಯಿತು. ಅಗ್ನಿಶಾಮಕ ಠಾಣೆಯೂ ಸೇರಿದಂತೆ ಊರಿನ ಇತರ ಸೌಕರ್ಯಗಳಿಗೂ ಶೇ. 55 ಸಾಕು ಎಂಬ ಪ್ರೊಪೊಸಿಷನ್ 5 ಅನ್ನು 2024ರ ನವೆಂಬರ್‌ನಲ್ಲಿ ರಾಜ್ಯದ ಮತದಾರರು ತಳ್ಳಿಹಾಕಿದರು. ಅಂದರೆ ಶಾಲೆಯ ಈಜುಕೊಳಕ್ಕಿಂತ ಫೈರ್ ಸ್ಟೇಷನ್‌ಗೆ ಸಾಲ ಎತ್ತುವುದು ಇವತ್ತಿಗೂ ಕಷ್ಟ.

ಈ ಮಿತಿ ಮತದ ತೂಕವನ್ನೇ ಬದಲಿಸುತ್ತದೆ. ಊರಿನಲ್ಲಿ 30,000 ಮತ ಬಿದ್ದರೆ 20,000 ‘ಹೌದು’ ಬೇಕು, 10,001 ‘ಬೇಡ’ ಸಾಕು. ಒಂದು ಬೇಡಕ್ಕೆ ಎರಡು ಹೌದಿನ ತೂಕ. ಶೇ. 64 ಜನ ಒಪ್ಪಿದ ಬಾಂಡ್ ಸೋಲುವುದು ಇಲ್ಲಿ ಅಚ್ಚರಿಯಲ್ಲ.

ಬೇರೆ ರಾಜ್ಯಗಳ ಲೆಕ್ಕ ಬೇರೆ. ವಾಷಿಂಗ್ಟನ್‌ನಲ್ಲಿ ಬಾಂಡ್‌ಗೆ ಶೇ. 60 ಒಪ್ಪಿಗೆ ಬೇಕು. ಜೊತೆಗೆ ಆ ಪ್ರದೇಶದಲ್ಲಿ ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಬಿದ್ದ ಮತದ ಶೇ. 40ರಷ್ಟಾದರೂ ಈ ಸಲ ಬಿದ್ದಿರಬೇಕು. ಅಲ್ಲಿ ವಿರೋಧಿಯೊಬ್ಬ ಬೇಡ ಎಂದು ಒತ್ತುವುದಕ್ಕಿಂತ ಮನೆಯಲ್ಲಿ ಕೂತರೇ ಹೆಚ್ಚು ಹಾನಿ ಮಾಡಬಲ್ಲ. ಸಿಯಾಟಲ್ 2003ರಲ್ಲಿ ಬಾಂಡ್ ಬಿಟ್ಟು ಲೆವಿಯ ದಾರಿ ಹಿಡಿಯಿತು: ಒಂಬತ್ತು ವರ್ಷದ ತೆರಿಗೆ, 16.72 ಕೋಟಿ ಡಾಲರ್, ಸರಳ ಬಹುಮತ ಸಾಕು. ಊರಿನ ಠಾಣೆಗಳನ್ನೆಲ್ಲ ಹೊಸದಾಗಿ ಕಟ್ಟುವ ಇಲ್ಲವೇ ಬಲಪಡಿಸುವ ಯೋಜನೆ ಅದು. ಲೆವಿಯಲ್ಲಿ ಹಣ ವರ್ಷವರ್ಷ ಬಂದಂತೆ ಖರ್ಚಾಗುವುದರಿಂದ ಮೂವತ್ತು ವರ್ಷದ ಬಡ್ಡಿಯ ಹೊರೆಯಿಲ್ಲ. ಆದರೆ ಕಟ್ಟಡದ ವೆಚ್ಚ ಏರಿದರೆ ಲೆವಿ ಏರುವುದಿಲ್ಲ. ಅಲ್ಲೂ ಏರಿತು, ನಗರ ಬೇರೆ ಬಾಬ್ತುಗಳಿಂದ ಹಣ ತುಂಬಬೇಕಾಯಿತು. ಇನ್ನು ಮ್ಯಾಸಚೂಸೆಟ್ಸ್‌ನ ಸಣ್ಣ ಊರುಗಳಲ್ಲಿ ಎರಡು ಗಂಡಾಂತರ: ಮೊದಲು ಟೌನ್ ಮೀಟಿಂಗ್‌ನಲ್ಲಿ ಕೂತವರ ಮೂರನೇ ಎರಡು, ಆಮೇಲೆ ಮತಪೆಟ್ಟಿಗೆಯಲ್ಲಿ ಬಹುಮತ. ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋತರೆ ಠಾಣೆ ಇಲ್ಲ.

ಇಂಥ ಚುನಾವಣೆಯಲ್ಲಿ ನಗರಸಭೆ ಮಾಹಿತಿ ಕೊಡಬಹುದು, ಪ್ರಚಾರ ಮಾಡುವಂತಿಲ್ಲ. ಸಾರ್ವಜನಿಕ ಹಣದಲ್ಲಿ ‘ಹೌದು ಎನ್ನಿ’ ಎಂದು ಕೇಳಬಾರದು ಎಂಬುದನ್ನು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲೇ ಸ್ಪಷ್ಟಪಡಿಸಿದೆ. ಸಮವಸ್ತ್ರ ತೊಟ್ಟ ಸಿಬ್ಬಂದಿ ಪ್ರಚಾರಕ್ಕೆ ಇಳಿಯುವಂತಿಲ್ಲ. ಅದಕ್ಕೇ ಮನೆ ಬಾಗಿಲಿಗೆ ಬರುವ ಬಣ್ಣಬಣ್ಣದ ಕಾಗದದ ಕೆಳಗೆ ಸಾಮಾನ್ಯವಾಗಿ ಇರುವುದು ಅಗ್ನಿಶಾಮಕ ನೌಕರರ ಸಂಘದ ಹೆಸರು. ನಗರದ ಹೆಸರಿನಲ್ಲಿ ಬರುವ ಕಾಗದ ಸಪ್ಪೆಯಾಗಿದ್ದರೆ ಅದು ಕಾನೂನು ಪಾಲಿಸುತ್ತಿದೆ ಎಂದರ್ಥ.

ಹಳೆಯದಕ್ಕೆ ಏನಾಗಿದೆ?

‘ನಿಂತಿದೆಯಲ್ಲ, ಬಣ್ಣ ಹೊಡೆಸಿ’ ಎಂಬ ಮಾತು ಪ್ರತಿ ಊರಲ್ಲೂ ಕೇಳಿಬರುತ್ತದೆ. ಉತ್ತರ ಬಾಗಿಲಿನಿಂದಲೇ ಶುರು. ಅರವತ್ತು-ಎಪ್ಪತ್ತು ವರ್ಷದ ಹಿಂದಿನ ಠಾಣೆಗಳ ಬಾಗಿಲು ಹತ್ತು-ಹನ್ನೆರಡು ಅಡಿ. ಇವತ್ತಿನ ಲ್ಯಾಡರ್ ಟ್ರಕ್ ನಲವತ್ತು ಅಡಿ ಮೀರಿದ ಉದ್ದ, ಹನ್ನೆರಡಡಿಯ ಆಸುಪಾಸು ಎತ್ತರ. ಹೊಸ ಠಾಣೆಗೆ 14 ಅಡಿ ಅಗಲ, 14 ಅಡಿ ಎತ್ತರದ ಬಾಗಿಲು ಈಗ ರೂಢಿ. ಬಾಗಿಲು ಚಿಕ್ಕದಾದರೆ ಊರು ಗಾಡಿಯನ್ನೇ ಬಾಗಿಲಿಗೆ ಹೊಂದುವಂತೆ ವಿಶೇಷವಾಗಿ ಮಾಡಿಸಬೇಕು. ಚಪ್ಪಲಿಗೆ ತಕ್ಕಂತೆ ಕಾಲು ಕತ್ತರಿಸಿದ ಹಾಗೆ, ಪ್ರತಿ ಗಾಡಿಗೂ ಆ ಹೆಚ್ಚುವರಿ ದುಡ್ಡು.

ನೆಲದ ಮಾತು ಇನ್ನೂ ಹಳೆಯದು. ಅಮೆರಿಕದ ಎಷ್ಟೋ ಹಳೆಯ ಠಾಣೆಗಳು ಕುದುರೆಗಾಗಿ ಕಟ್ಟಿದವು: ಕೆಳಗೆ ಲಾಯ, ಮೇಲೆ ಹುಲ್ಲು, ಅದರ ಪಕ್ಕ ಸಿಬ್ಬಂದಿಯ ಮಲಗುವ ಕೋಣೆ. 1878ರಲ್ಲಿ ಶಿಕಾಗೋದ 21ನೇ ಕಂಪನಿಯವರು ಮೇಲಿನಿಂದ ಜಾರಿ ಇಳಿಯಲು ಕಂಬ ನೆಟ್ಟದ್ದು ಆ ಮಾಳಿಗೆಯ ದೆಸೆಯಿಂದ. ಪೂರ್ತಿ ಕಪ್ಪು ಸಿಬ್ಬಂದಿಯ ಆ ಕಂಪನಿಯ ಉಪಾಯವನ್ನು ಮೊದಮೊದಲು ನಕ್ಕವರು ಕೊನೆಗೆ ನಕಲು ಮಾಡಿದರು. ನೀರು ತುಂಬಿದ ಈಗಿನ ಫೈರ್ ಇಂಜಿನ್ 18-20 ಟನ್, ಲ್ಯಾಡರ್ ಟ್ರಕ್ 30 ಟನ್ ದಾಟಬಹುದು. ನೆಲಮಾಳಿಗೆ ಇರುವ ಹಳೆಯ ಠಾಣೆಯಲ್ಲಿ ಆ ಭಾರವನ್ನು ಕೆಳಗಿನಿಂದ ಊರುಗಂಬ ಕೊಟ್ಟು ಹಿಡಿದಿಡಬೇಕಾಗುತ್ತದೆ.

ಮೂರನೆಯದು ಗಾಳಿ. ಹೆಚ್ಚು ಚರ್ಚೆಯಾಗಬೇಕಾದ್ದು ಇದು, ಆಗುವುದು ಕಡಿಮೆ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2012ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2022ರಲ್ಲಿ ಬೆಂಕಿ ಆರಿಸುವ ವೃತ್ತಿಯನ್ನೇ ಅದೇ ಪಟ್ಟಿಗೆ ಹಾಕಿತು. ಹಳೆಯ ಠಾಣೆಯಲ್ಲಿ ಗಾಡಿ ನಿಲ್ಲುವ ಬೇ, ಅಡುಗೆಮನೆ, ಹಾಸಿಗೆ ಒಂದೇ ಗೋಡೆಯ ಆಚೀಚೆ. ಸುಟ್ಟ ಮನೆಯಿಂದ ಬಂದ ಕೋಟು, ಪ್ಯಾಂಟು ಗಾಡಿಯ ಪಕ್ಕದ ಮೊಳೆಗೆ ನೇತುಬೀಳುತ್ತವೆ. ಹೊಸ ವಿನ್ಯಾಸದಲ್ಲಿ ಠಾಣೆಯನ್ನು ಮೂರು ವಲಯ ಮಾಡುತ್ತಾರೆ: ಗಾಡಿ ಮತ್ತು ಮಸಿ ಬಟ್ಟೆಯ ಕೊಳಕು ವಲಯ, ತೊಳೆದು ಬದಲಿಸುವ ನಡುವಲಯ, ಉಣ್ಣುವ-ಮಲಗುವ ಶುಚಿ ವಲಯ. ಬಟ್ಟೆ ತೊಳೆಯಲು ಪ್ರತ್ಯೇಕ ದೊಡ್ಡ ಯಂತ್ರ, ಬಿಸಿಲು ತಾಗದ, ಗಾಳಿ ಹೊರಗೆಳೆಯುವ ಗೇರ್ ಕೋಣೆ, ಎಂಜಿನ್ನಿನ ಹೊಗೆಕೊಳವೆಗೇ ಸಿಕ್ಕಿಸುವ ಎಳೆಗೊಳವೆ. ನಡುವಲಯದ ಗಾಳಿ ಗಾಡಿ ನಿಲ್ಲುವ ಕಡೆಗಿಂತ ಹೆಚ್ಚಿನ ಒತ್ತಡದಲ್ಲಿರಬೇಕು, ಇಲ್ಲದಿದ್ದರೆ ಬಾಗಿಲು ತೆರೆದಾಗಲೆಲ್ಲ ಹೊಗೆ ಒಳಗೇ ಬರುತ್ತದೆ. ಹಳೆಯ ಕಟ್ಟಡಕ್ಕೆ ಇವನ್ನು ತುರುಕಲು ಹೋದರೆ ಮೊದಲು ಕಳೆದುಕೊಳ್ಳುವುದು ಜಾಗ. ಹೆಂಗಸರೂ ಪಾಳಿಯಲ್ಲಿರುವ ಈ ಕಾಲಕ್ಕೆ ಸಾಲುಹಾಸಿಗೆಯ ಹಜಾರ, ಒಂದೇ ಸ್ನಾನದ ಮನೆ ನಡೆಯುವುದಿಲ್ಲ ಎಂಬುದಕ್ಕೂ ಜಾಗವೇ ಬೇಕು.

ಕೊನೆಗೆ ಭೂಕಂಪ. ಕ್ಯಾಲಿಫೋರ್ನಿಯಾದಲ್ಲಿ 1986ರ ಕಾನೂನು ಠಾಣೆಯನ್ನು ‘ಅತ್ಯಗತ್ಯ ಸೇವೆಯ ಕಟ್ಟಡ’ ಎಂದು ಗುರುತಿಸುತ್ತದೆ. ಮನೆ ಕಟ್ಟುವಾಗ ಇರುವ ಗುರಿ ನಡುಗಿದರೂ ಒಳಗಿನವರು ಬದುಕುಳಿಯಲಿ ಎಂಬುದು; ಠಾಣೆಗೆ ಅಷ್ಟು ಸಾಲದು, ನಡುಗಿದ ಮರುಗಳಿಗೆ ಬಾಗಿಲು ತೆರೆದು ಗಾಡಿ ಹೊರಡಬೇಕು. ಚೌಕಟ್ಟು ಒಂದಿಷ್ಟು ವಾಲಿ ಬಾಗಿಲು ಸಿಕ್ಕಿಕೊಂಡರೆ ಕಟ್ಟಡ ನಿಂತೂ ಪ್ರಯೋಜನವಿಲ್ಲ. ಅದಕ್ಕೇ ಲೆಕ್ಕದಲ್ಲಿ ಭೂಕಂಪದ ಬಲವನ್ನು ಸಾಮಾನ್ಯ ಕಟ್ಟಡದ ಒಂದೂವರೆ ಪಟ್ಟು ಹಿಡಿಯುತ್ತಾರೆ. ಉಕ್ಕು, ತಳಪಾಯ, ಜನರೇಟರ್ ಎಲ್ಲ ಅದಕ್ಕೆ ತಕ್ಕಂತೆ ಬೆಳೆಯುತ್ತವೆ.

ಇದನ್ನೆಲ್ಲ ಊರಿಗೆ ವಿವರಿಸಿ ಗೆದ್ದ ಮಾದರಿ ಸ್ಯಾನ್ ಫ್ರಾನ್ಸಿಸ್ಕೋ. 2010ರಲ್ಲಿ 41.23 ಕೋಟಿ ಡಾಲರ್, 2014ರಲ್ಲಿ 40 ಕೋಟಿ, 2020ರಲ್ಲಿ 62.85 ಕೋಟಿ, ‘ಭೂಕಂಪ ಸುರಕ್ಷೆ ಮತ್ತು ತುರ್ತು ಸೇವೆ’ ಎಂಬ ಒಂದೇ ಹೆಸರಿನ ಮೂರು ಬಾಂಡ್‌ಗಳು ಮುಕ್ಕಾಲಿಗೂ ಹೆಚ್ಚು ಮತದಿಂದ ಪಾಸಾದವು. ಒಂದೇ ಸಲ ಎಲ್ಲ ಕೇಳದೆ, ಹಿಂದಿನ ಕಂತಿನಲ್ಲಿ ಏನು ಕಟ್ಟಿದೆವು ಎಂದು ತೋರಿಸಿ ಮುಂದಿನದನ್ನು ಕೇಳಿದ್ದು ಅವರ ಜಾಣತನ. ಆ ದುಡ್ಡಿನಲ್ಲಿ ಎದ್ದ 35ನೇ ಠಾಣೆ ನೀರಿನ ಮೇಲೆ ತೇಲುತ್ತದೆ. ದೋಣಿಯಲ್ಲಿ ಹೋಗಿ ಬೆಂಕಿ ಆರಿಸುವವರ ಠಾಣೆ ಅದು. ಉಬ್ಬರ-ಇಳಿತಕ್ಕೆ ಕಂಬಗಳ ನಡುವೆ ಏರಿಳಿಯುತ್ತದೆ. 1915ರ ಹಳೆಯ ಠಾಣೆಯನ್ನು ಕೆಡವದೆ ಪಕ್ಕದಲ್ಲೇ ಉಳಿಸಿಕೊಂಡಿದ್ದಾರೆ.

ಮೂರು ಕೋಟಿ ಎಲ್ಲಿ ಹೋಗುತ್ತದೆ

ಸರಳವಾಗಿರಲೆಂದು ಒಂದು ಕಾಲ್ಪನಿಕ ಊರು ಇಟ್ಟುಕೊಳ್ಳೋಣ. ಮೂರು ಬೇಗಳ ಒಂದು ಠಾಣೆ, ಹಳೆಯ ಜಾಗದಲ್ಲೇ, 3 ಕೋಟಿ ಡಾಲರ್ ಬಾಂಡ್. ಇಷ್ಟು ದುಡ್ಡಿಗೆ ಇಷ್ಟೇ ಕಟ್ಟಡವೇ ಎಂದು ಹುಬ್ಬೇರಿಸುವವರು ನೋಡಬೇಕಾದ್ದು ಒಡೆದ ಲೆಕ್ಕವನ್ನು. ಗುತ್ತಿಗೆದಾರನ ಕೈಗೆ ಹೋಗುವುದು ಸುಮಾರು 2.1 ಕೋಟಿ ಎಂದುಕೊಳ್ಳಿ. ವಾಸ್ತುಶಿಲ್ಪಿ, ಮಣ್ಣು ಪರೀಕ್ಷೆ, ಪರವಾನಗಿ, ತಪಾಸಣೆ, ಯೋಜನಾ ನಿರ್ವಹಣೆ, ಬಾಂಡ್ ಹೊರಡಿಸುವ ಖರ್ಚು ಸೇರಿ 55 ಲಕ್ಷ. ಅನಿರೀಕ್ಷಿತಕ್ಕೆ 25 ಲಕ್ಷ. ಕಟ್ಟುವಷ್ಟು ದಿನ ಸಿಬ್ಬಂದಿ ಇರಲು ತಾತ್ಕಾಲಿಕ ಠಾಣೆಗೆ 10 ಲಕ್ಷ. ಈ ಕೊನೆಯದನ್ನು ಅಂದಾಜಿನಲ್ಲಿ ಮರೆಯುವವರು ಬಹಳ. ಗಾಡಿಗೆ ದೊಡ್ಡ ಟೆಂಟ್, ಜನರಿಗೆ ಟ್ರೈಲರ್ ಮನೆ, ಅದಕ್ಕೆ ನೀರು-ಕರೆಂಟು-ಚರಂಡಿ, ಅದನ್ನು ಇಡಲು ಅದೇ ಪ್ರದೇಶದಲ್ಲಿ ಖಾಲಿ ಜಾಗ. ಎರಡು ವರ್ಷ ದೂರದಲ್ಲಿಟ್ಟರೆ ಅಷ್ಟು ದಿನ ಎಲ್ಲರಿಗೂ ಗಾಡಿ ತಡ.

ಅಂದಾಜು ಪಟ್ಟಿಯಲ್ಲಿ ಮೊದಲು ಹುಡುಕಬೇಕಾದ ಸಾಲು ಒಂದೇ: ಈ ಬೆಲೆ ಯಾವ ವರ್ಷದ್ದು? ಮತದಾನದಿಂದ ಬಾಗಿಲು ತೆರೆಯುವವರೆಗೆ ಮೂರರಿಂದ ಐದು ವರ್ಷ ಸಹಜ. ಲೆಕ್ಕ ಸರಿಯಿದ್ದರೆ ಬೆಲೆಯನ್ನು ‘ನಿರ್ಮಾಣದ ನಡುಗಾಲ’ಕ್ಕೆ ಏರಿಸಿ ತೋರಿಸಿರುತ್ತಾರೆ. ಇವತ್ತಿನ ಬೆಲೆಯಲ್ಲೇ ಬರೆದಿದ್ದರೆ, ವರ್ಷಕ್ಕೆ ಶೇ. 5 ಏರಿಕೆ ಎಂದರೂ ಎರಡು ವರ್ಷಕ್ಕೆ 3 ಕೋಟಿಯ ಕೆಲಸ 3.3 ಕೋಟಿ ದಾಟುತ್ತದೆ. ಅನಿರೀಕ್ಷಿತಕ್ಕೆಂದು ಇಟ್ಟ 25 ಲಕ್ಷ ಗುದ್ದಲಿ ಬೀಳುವ ಮುನ್ನವೇ ಖಾಲಿ.

ಮಣ್ಣಿನೊಳಗಿನದು ಇನ್ನೊಂದು ಗುಮ್ಮ. ಹಳೆಯ ಠಾಣೆಯ ಅಂಗಳದಲ್ಲಿ ಹೂತಿಟ್ಟ ಡೀಸೆಲ್ ಟ್ಯಾಂಕ್ ಸೋರಿರಬಹುದು. ನೊರೆ ಬಳಸಿ ತರಬೇತಿ ನಡೆದ ಜಾಗವಾದರೆ ಬೇಗ ನಶಿಸದ ಪಿಎಫ್‌ಎಎಸ್ ರಾಸಾಯನಿಕ ಇಂಗಿರಬಹುದು. ಗೋಡೆಯಲ್ಲಿ ಕಲ್ನಾರು, ಬಣ್ಣದಲ್ಲಿ ಸೀಸ. ಮತದಾನಕ್ಕೆ ಮುಂಚೆ ಕೆಲವು ಸಾವಿರ ಡಾಲರ್ ಖರ್ಚು ಮಾಡಿ ಮಣ್ಣು ತೆಗೆದು ನೋಡಿದ ಊರು ಲಕ್ಷಗಳನ್ನು ಉಳಿಸಿಕೊಳ್ಳುತ್ತದೆ.

ಖರ್ಚು ಕಡಿಮೆ ಮಾಡಿ ಎಂದಾಗ ಮೊದಲು ಕತ್ತರಿ ಬೀಳುವುದೂ ಎಡವಟ್ಟಾದ ಕಡೆಯೇ. ಗಾಡಿ ಹಿಂದಿನಿಂದ ಬಂದು ಮುಂದಿನಿಂದ ಹೊರಡುವ ‘ಡ್ರೈವ್-ಥ್ರೂ’ ಬೇ ತೆಗೆದುಹಾಕಿ, ರಸ್ತೆಯಿಂದ ರಿವರ್ಸ್ ಹಾಕುವ ಬೇ ಮಾಡುತ್ತಾರೆ. ಪ್ರತಿ ಸಲ ಒಬ್ಬ ಇಳಿದು ಸಂಚಾರ ನಿಲ್ಲಿಸಿ ಕೈಸನ್ನೆ ಮಾಡಬೇಕು, ದಿನಕ್ಕೆ ಹತ್ತು ಹನ್ನೆರಡು ಬಾರಿ. ಪಕ್ಕಕ್ಕೆ ಮಡಚಿಕೊಳ್ಳುವ ನಾಲ್ಕು ಹಾಳೆಯ ಬಾಗಿಲು ಏಳೆಂಟು ಸೆಕೆಂಡಿಗೆ ತೆರೆಯುತ್ತದೆ. ಅದರ ಬದಲು ಮೇಲೆ ಸುತ್ತಿಕೊಳ್ಳುವ ಅಗ್ಗದ ಬಾಗಿಲು ಹಾಕಿದರೆ ಅದರ ಎರಡರಷ್ಟು ಹೊತ್ತು, ಜೊತೆಗೆ ಪೂರ್ತಿ ಏರುವ ಮುಂಚೆಯೇ ಹೊರಟು ಗಾಡಿಯ ತಲೆ ಬಡಿಸುವ ಅಪಾಯ.

ಅರ್ಧ ಮೈಲಿಗೆ 51 ಸೆಕೆಂಡ್

ಹೊಸ ಠಾಣೆ ಬೇರೆ ಜಾಗಕ್ಕೆ ಹೋಗುವುದಾದರೆ ಜಗಳದ ಬಣ್ಣವೇ ಬೇರೆ. ಇಲ್ಲಿ ಭಾವನೆಗಿಂತ ಒಂದು ಹಳೆಯ ಸೂತ್ರ ಉಪಯೋಗಕ್ಕೆ ಬರುತ್ತದೆ. ವಿಮಾ ಕಂಪನಿಗಳಿಗಾಗಿ ಊರುಗಳ ಅಗ್ನಿರಕ್ಷಣೆಗೆ ದರ್ಜೆ ಕೊಡುವ ಇನ್ಶೂರೆನ್ಸ್ ಸರ್ವೀಸಸ್ ಆಫೀಸ್ ಅಥವಾ ಐಎಸ್‌ಒ ಬಳಸುವ ರ‍್ಯಾಂಡ್ ಸೂತ್ರದ ಪ್ರಕಾರ ಪ್ರಯಾಣದ ನಿಮಿಷ = 0.65 + 1.7 × ಮೈಲಿ. ಒಂದೂವರೆ ಮೈಲಿಗೆ 3.2 ನಿಮಿಷ. ಅರ್ಧ ಮೈಲಿ ದೂರವಾದರೆ 0.85 ನಿಮಿಷ, ಅಂದರೆ 51 ಸೆಕೆಂಡ್ ಹೆಚ್ಚು. ಪೂರ್ಣಾವಧಿ ಸಿಬ್ಬಂದಿಯ ಇಲಾಖೆಗಳು ಪಾಲಿಸಲು ನೋಡುವ, ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ ಎನ್‌ಎಫ್‌ಪಿಎ 1710 ಮಾನದಂಡದಲ್ಲಿ ಬೆಂಕಿ ಕರೆ ಬಂದ ಮೇಲೆ ಬಟ್ಟೆ ತೊಟ್ಟು ಹೊರಡಲು 80 ಸೆಕೆಂಡ್, ಮೊದಲ ಇಂಜಿನ್ ತಲುಪಲು 240 ಸೆಕೆಂಡ್. ಆ 240 ಸೆಕೆಂಡನ್ನು ಸೂತ್ರಕ್ಕೆ ಹಾಕಿದರೆ ಎರಡು ಮೈಲಿಗೆ ಕೂದಲೆಳೆಯಷ್ಟು ಕಡಿಮೆ.

ಹೀಗಾಗಿ ಠಾಣೆ ಸರಿದಾಗ ಒಂದು ಬೀದಿಗೆ ಲಾಭ, ಇನ್ನೊಂದಕ್ಕೆ ನಷ್ಟ ಆಗಲೇಬೇಕು. ‘ಸರಾಸರಿ ಸಮಯ ಸುಧಾರಿಸುತ್ತದೆ’ ಎಂದು ನಗರ ಹೇಳಿದರೆ ಅದು ನಿಜವೂ ಇರಬಹುದು, ನಿಮ್ಮ ಬೀದಿಗೆ ಸುಳ್ಳೂ ಇರಬಹುದು. ಕೇಳಬೇಕಾದ್ದು ನೂರು ಕರೆಗಳಲ್ಲಿ ತೊಂಬತ್ತಕ್ಕೆ ಎಷ್ಟರೊಳಗೆ ತಲುಪುತ್ತೀರಿ ಎಂಬ ನಕ್ಷೆ, ಈಗಿನದು ಮತ್ತು ಮುಂದಿನದು ಪಕ್ಕಪಕ್ಕದಲ್ಲಿ. ಮನೆ ವಿಮೆಯವರಿಗೂ ಈ ದೂರ ಮುಖ್ಯ. ಠಾಣೆಯಿಂದ ರಸ್ತೆಯಲ್ಲಿ ಐದು ಮೈಲಿ ಮೀರಿದ ಮನೆಗೆ ದರ್ಜೆ ಕುಸಿಯುತ್ತದೆ, ಪ್ರೀಮಿಯಂ ಏರುತ್ತದೆ. ಬೆಟ್ಟದಂಚಿನ ಊರುಗಳಲ್ಲಿ ಬಾಂಡ್‌ನ ತೆರಿಗೆಗಿಂತ ಈ ಏರಿಕೆಯೇ ದೊಡ್ಡದಾದೀತು.

ವಿರೋಧಿಗಳ ಕಡೆ ಒಂದು ಗಟ್ಟಿ ವಾದವಿದೆ: ಅಮೆರಿಕದ ಅಗ್ನಿಶಾಮಕ ಇಲಾಖೆಗಳಿಗೆ ಬರುವ ಕರೆಗಳಲ್ಲಿ ಮೂರರಲ್ಲಿ ಎರಡು ಪಾಲಿನ ಆಸುಪಾಸು ವೈದ್ಯಕೀಯ. ನಿಜವಾದ ಬೆಂಕಿ ನೂರಕ್ಕೆ ನಾಲ್ಕೈದು. ಎದೆನೋವಿನ ಕರೆಗೆ 20 ಟನ್ ಗಾಡಿ ಯಾಕೆ, ಸಣ್ಣ ವಾಹನ ಸಾಲದೇ ಎಂಬ ಪ್ರಶ್ನೆಯನ್ನು ಉಡಾಫೆ ಎಂದು ತಳ್ಳುವಂತಿಲ್ಲ. ಆದರೆ ಆ ವಾದ ಗಾಡಿಯನ್ನು ಚಿಕ್ಕದು ಮಾಡುತ್ತದೆಯೇ ಹೊರತು ಠಾಣೆಯನ್ನು ಬೇಡ ಮಾಡುವುದಿಲ್ಲ. ಉಸಿರು ನಿಂತವನಿಗೂ ಆ ನಾಲ್ಕು ನಿಮಿಷವೇ ಲೆಕ್ಕ.

ಯಾರ ಜೇಬು

ಮತ್ತೆ ನಮ್ಮ 3 ಕೋಟಿ ಡಾಲರ್‌ಗೆ ಬರೋಣ. 30 ವರ್ಷ, ಶೇ. 4.5 ಬಡ್ಡಿ ಎಂದರೆ ವರ್ಷದ ಕಂತು ಸುಮಾರು 18.42 ಲಕ್ಷ. ಒಟ್ಟು ಕಟ್ಟುವುದು 5.52 ಕೋಟಿಗೆ ಹತ್ತಿರ. ಅದರಲ್ಲಿ 2.5 ಕೋಟಿ ಮೇಲ್ಪಟ್ಟು ಬಡ್ಡಿ. ಈ ಒಟ್ಟು ಮೊತ್ತ ಮತಪತ್ರದ ಪ್ರಶ್ನೆಯಲ್ಲಿ ಕಣ್ಣಿಗೆ ಬೀಳದಿದ್ದರೂ ಮತದಾರರ ಕೈಪಿಡಿಯ ‘ಟ್ಯಾಕ್ಸ್ ರೇಟ್ ಸ್ಟೇಟ್‌ಮೆಂಟ್’ ಪುಟದಲ್ಲಿ ಅಸಲು-ಬಡ್ಡಿ ಸೇರಿಸಿ ಕೊಡಲೇಬೇಕೆಂಬ ಕಾನೂನಿದೆ. ಆ ಪುಟ ಓದದೆ ಮತ ಹಾಕುವುದು ಬಿಲ್ ನೋಡದೆ ದುಡ್ಡು ಕೊಟ್ಟ ಹಾಗೆ.

ಊರಿನ ಎಲ್ಲ ಆಸ್ತಿಯ ನಿಗದಿತ ಮೌಲ್ಯ ಸೇರಿ 1,200 ಕೋಟಿ ಡಾಲರ್ ಎಂದಿಟ್ಟರೆ, ಪ್ರತಿ 1 ಲಕ್ಷ ಡಾಲರ್ ಮೌಲ್ಯಕ್ಕೆ ವರ್ಷಕ್ಕೆ 15 ಡಾಲರ್ 35 ಸೆಂಟ್. ಇಲ್ಲಿ ‘ನಿಗದಿತ ಮೌಲ್ಯ’ ಎಂಬ ಪದವೇ ಕಥೆಯ ತಿರುಳು. ಅದು ಮಾರುಕಟ್ಟೆ ಬೆಲೆಯಲ್ಲ. ಪ್ರೊಪೊಸಿಷನ್ 13ರ ಪ್ರಕಾರ ಕೊಂಡಾಗಿನ ಬೆಲೆಯೇ ಮೌಲ್ಯ, ಆಮೇಲೆ ವರ್ಷಕ್ಕೆ ಹೆಚ್ಚೆಂದರೆ ಶೇ. 2 ಏರಿಕೆ, ಮತ್ತೆ ಮಾರಾಟವಾಗುವವರೆಗೆ. ಒಂದೇ ಅಳತೆಯ ಅಕ್ಕಪಕ್ಕದ ಎರಡು ಮನೆ ನೋಡಿ. ದಶಕಗಳ ಹಿಂದೆ ಕೊಂಡ ಹಿರಿಯರ ಮನೆಯ ಮೌಲ್ಯ 3 ಲಕ್ಷ: ವರ್ಷಕ್ಕೆ 46 ಡಾಲರ್. ಮೊನ್ನೆ ಕೊಂಡ ದಂಪತಿಯದು 18 ಲಕ್ಷ: 276 ಡಾಲರ್. ಗಾಡಿ ಎರಡೂ ಮನೆಗೆ ಒಂದೇ ಹೊತ್ತಿಗೆ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಈಚೆಗೆ ಮನೆ ಕೊಂಡವರಲ್ಲಿ ನಮ್ಮವರು ಕಡಿಮೆಯೇನಲ್ಲ. ಅವರಲ್ಲಿ ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತವರಿಗೆ ಮತವೇ ಇಲ್ಲ. ಆರು ಪಾಲು ತೆರುವವರಿಗೆ ಮಾತಿಲ್ಲ, ಒಂದು ಪಾಲು ತೆರುವವರ ಒಂದು ‘ಬೇಡ’ಕ್ಕೆ ಎರಡರ ತೂಕ. ಇದನ್ನು ಅನ್ಯಾಯ ಎನ್ನಿ, ಕಾನೂನು ಎನ್ನಿ, ಲೆಕ್ಕ ಹೀಗಿದೆ.

ಬಾಡಿಗೆದಾರರು ಹೊರಗೇನೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ನಿಯಂತ್ರಣವಿರುವ ಮನೆಗಳಲ್ಲಿ ಬಾಂಡ್ ತೆರಿಗೆಯ ಅರ್ಧವನ್ನು ಮಾಲೀಕ ಬಾಡಿಗೆದಾರನ ಮೇಲೆ ಹಾಕಬಹುದು. ಅದೇ ನಗರ ‘ತೆರಿಗೆ ದರ ಏರುವುದಿಲ್ಲ’ ಎಂದು ಹೇಳಿಕೊಂಡು ಬಾಂಡ್ ಕೇಳುತ್ತದೆ. ಹಳೆಯ ಸಾಲ ತೀರಿದಂತೆಲ್ಲ ಹೊಸದು ಹೊರಡಿಸಿ ದರವನ್ನು 2006ರ ಮಟ್ಟ ದಾಟದಂತೆ ಇಡುವುದು ಅವರ ನೀತಿ. ಮಾತು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಹೊಸ ಬಾಂಡ್ ಇಲ್ಲದಿದ್ದರೆ ಆ ದರ ಇಳಿಯುತ್ತಿತ್ತು.

ಕಟ್ಟಡವಿದೆ, ಜನ ಎಲ್ಲಿ?

ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ತೆರಿಗೆಯಿಂದ ತೀರಿಸುವ ಬಾಂಡ್‌ನ ಹಣವನ್ನು ಸ್ಥಿರಾಸ್ತಿ ಕೊಳ್ಳಲು ಅಥವಾ ಕಟ್ಟಿ ಉತ್ತಮಪಡಿಸಲು ಮಾತ್ರ ಬಳಸಬಹುದು. ಫೈರ್ ಇಂಜಿನ್ ಬರುವುದಿಲ್ಲ, ಕೊಳವೆ ಬರುವುದಿಲ್ಲ, ಸಂಬಳವಂತೂ ದೂರ. ಒಂದು ಇಂಜಿನ್ನಿನಲ್ಲಿ ನಾಲ್ವರು ಎಂದರೆ, 24 ಗಂಟೆಯ ಪಾಳಿಯಲ್ಲಿ ಮೂರು ತಂಡಕ್ಕೆ 12 ಜನ. ರಜೆ, ಕಾಯಿಲೆ, ತರಬೇತಿಗೆ ಬದಲಿ ಸೇರಿಸಿದರೆ ಹದಿನಾಲ್ಕು-ಹದಿನೈದು. ಇದು ವರ್ಷವರ್ಷ ಊರಿನ ಸಾಮಾನ್ಯ ನಿಧಿಯಿಂದಲೇ ಬರಬೇಕು. ಹಳೆಯ ಠಾಣೆಗೆ ಬದಲಿ ಕಟ್ಟುವಾಗ ಸಿಬ್ಬಂದಿ ಆಗಲೇ ಇರುವುದರಿಂದ ಈ ಪ್ರಶ್ನೆ ಸದ್ದು ಮಾಡುವುದಿಲ್ಲ. ಆದರೆ ‘ಮುಂದಿನ ಬೆಳವಣಿಗೆಗೆ’ ಎಂದು ಎರಡು ಬೇ ಇದ್ದಲ್ಲಿ ನಾಲ್ಕು ಮಾಡಿದರೆ, ಆ ಹೆಚ್ಚಿನ ಬೇಗಳಲ್ಲಿ ಎರಡನೇ ಗಾಡಿ ಬಂದು ನಿಲ್ಲುವ ವರ್ಷ ಯಾವುದು ಎಂದು ಕೇಳಲೇಬೇಕು. ಉತ್ತರವಿಲ್ಲದ ಬೇ ಹಳೆಯ ಕುರ್ಚಿ, ಕ್ರಿಸ್‌ಮಸ್ ದೀಪದ ಪೆಟ್ಟಿಗೆಗಳ ಗೋದಾಮಾಗುತ್ತದೆ.

ಗೆದ್ದ ಮೇಲೂ ಜಾರುವ ದಾರಿಗಳಿವೆ. ಸ್ಯಾನ್ ಹೋಸೆಯಲ್ಲಿ 2002ರಲ್ಲಿ ಮೆಷರ್ ಓ ಎಂಬ 15.9 ಕೋಟಿ ಡಾಲರ್ ಬಾಂಡ್ ಪಾಸಾಯಿತು, ಪೊಲೀಸ್ ಮತ್ತು ಅಗ್ನಿಶಾಮಕ ಕಟ್ಟಡಗಳಿಗಾಗಿ. ಪಟ್ಟಿಯ ಬಹುಪಾಲು ಕಟ್ಟಿದರು. ವಿಲೋ ಗ್ಲೆನ್ ಬಡಾವಣೆಗೆ ಬರಬೇಕಿದ್ದ 37ನೇ ಠಾಣೆಯ ಸರದಿ ಬರುವಷ್ಟರಲ್ಲಿ ಉಳಿದ ಹಣ ಸಾಲಲಿಲ್ಲ. 2018ರಲ್ಲಿ 65 ಕೋಟಿ ಡಾಲರ್‌ನ ಮೆಷರ್ ಟಿ ಬಂತು, ಅದರಲ್ಲಿ ರಸ್ತೆ ರಿಪೇರಿಗೇ ದೊಡ್ಡ ಪಾಲು. ಆ ಎರಡನೇ ಬಾಂಡ್‌ನ ಹಣ ಸೇರಿದ ಮೇಲೆ, ಮೊದಲ ಮತದಾನದ ಸುಮಾರು ಎರಡು ದಶಕದ ನಂತರ ಠಾಣೆ ಎದ್ದಿತು. ಪಟ್ಟಿಯ ಕೊನೆಯಲ್ಲಿರುವ ಠಾಣೆಯವರು ಇದನ್ನು ನೆನಪಿಡಬೇಕು: ಬಾಂಡ್‌ನ ಭಾಷೆ ಬಹುತೇಕ ‘ಇಂಥವುಗಳಂತಹ ಯೋಜನೆಗಳಿಗೆ’ ಎಂದಿರುತ್ತದೆ, ‘ಇವನ್ನೇ ಕಟ್ಟುತ್ತೇವೆ’ ಎಂದಲ್ಲ. ಮೇಲ್ವಿಚಾರಣೆಗೆ ನಾಗರಿಕರ ಸಮಿತಿ ಇರುತ್ತದೆ ಎಂದು ಬರೆದಿದ್ದರೂ ಆ ಸಮಿತಿ ಖರ್ಚಾದದ್ದನ್ನು ನೋಡಿ ವರದಿ ಕೊಡುತ್ತದೆ, ತಡೆಯುವ ಅಧಿಕಾರ ಅಪರೂಪ.

ನಮ್ಮ ಕಡೆ ಈ ತಲೆನೋವು ಇಲ್ಲ, ಈ ಹಕ್ಕೂ ಇಲ್ಲ. 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯಲ್ಲಿ ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಸಾಲಿನಲ್ಲಿ ಅಗ್ನಿಶಾಮಕ ಸೇವೆಯೂ ಇದೆ, ಮುಂಬೈನಲ್ಲಿ ಅದು ಪಾಲಿಕೆಯ ಕೈಯಲ್ಲೇ ಇದೆ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಕಾಯ್ದೆಯಡಿ ಗೃಹ ಇಲಾಖೆಯ ಕೆಳಗೆ ರಾಜ್ಯವೇ ನಡೆಸುತ್ತದೆ. ಠಾಣೆ ಬೇಕೆಂದರೆ ಊರವರು ಶಾಸಕರಿಗೆ ಮನವಿ ಕೊಡುತ್ತಾರೆ, ಜಾಗ ಸಿಕ್ಕರೆ ಬಜೆಟ್ಟಿನಲ್ಲಿ ಸಾಲು ಬೀಳುತ್ತದೆ. ಕೇಂದ್ರದಿಂದ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಣೆಗೆಂದು 5,000 ಕೋಟಿ ರೂಪಾಯಿಯ ಯೋಜನೆಯೂ ಬಂದಿದೆ. ಒಂದು ಠಾಣೆಗೆ ತನ್ನ ಮನೆಯಿಂದ ವರ್ಷಕ್ಕೆ ಎಷ್ಟು ಹೋಗುತ್ತದೆ ಎಂದು ತುಮಕೂರಿನವನಿಗೆ ಯಾರೂ ಬರೆದು ಕೊಡುವುದಿಲ್ಲ, ಅವನು ಬೇಡ ಎನ್ನುವಂತೆಯೂ ಇಲ್ಲ.

ಅಮೆರಿಕದಲ್ಲಿ ಬೇಡ ಎಂದರೆ ನಿಜಕ್ಕೂ ನಿಲ್ಲುತ್ತದೆಯೇ ಎಂಬುದು ಬೇರೆ ಮಾತು. ಬಾಂಡ್ ಸೋತ ಊರಿಗೆ ಮೂರು ದಾರಿ ಉಳಿಯುತ್ತವೆ. ಮೊತ್ತ ಇಳಿಸಿ ಮತ್ತೊಂದು ಚುನಾವಣೆಗೆ ಬರುವುದು. ಮನೆಯ ಮೌಲ್ಯ ನೋಡದೆ ಪ್ರತಿ ನಿವೇಶನಕ್ಕೂ ಒಂದೇ ದರದ ಪಾರ್ಸೆಲ್ ತೆರಿಗೆ ಕೇಳುವುದು. ನಗರಸಭೆ ಕೇಳಿದರೆ ಅದಕ್ಕೂ ಮೂರನೇ ಎರಡು ಬೇಕು, ಆದರೆ ನಾಗರಿಕರೇ ಸಹಿ ಸಂಗ್ರಹಿಸಿ ತಂದ ತೆರಿಗೆಗೆ ಸರಳ ಬಹುಮತ ಸಾಕೆಂದು 2017ರ ನಂತರದ ತೀರ್ಪುಗಳು ದಾರಿ ಮಾಡಿವೆ. ಮೂರನೆಯದು ಮತದಾರನ ಬಳಿ ಬರುವುದೇ ಇಲ್ಲ. ನಗರ ತನ್ನದೇ ಒಂದು ಕಟ್ಟಡವನ್ನು ಗುತ್ತಿಗೆಗೆ ಕೊಟ್ಟಂತೆ ಮಾಡಿ, ಅದರ ಬಾಡಿಗೆಯ ಭರವಸೆಯ ಮೇಲೆ ‘ಸರ್ಟಿಫಿಕೇಟ್ ಆಫ್ ಪಾರ್ಟಿಸಿಪೇಷನ್’ ಎಂಬ ಹೆಸರಿನಲ್ಲಿ ಹಣ ಎತ್ತುತ್ತದೆ. ಕಾನೂನಿನ ಕಣ್ಣಲ್ಲಿ ಅದು ಸಾಲವೇ ಅಲ್ಲ, ಬಾಡಿಗೆ. ಬಡ್ಡಿ ತುಸು ಹೆಚ್ಚು. ಹೊಸ ತೆರಿಗೆ ಇಲ್ಲ, ಹಾಗಾಗಿ ಕಂತು ಬರಬೇಕಾದ್ದು ಗ್ರಂಥಾಲಯ, ಉದ್ಯಾನ, ಅದೇ ಅಗ್ನಿಶಾಮಕರ ಸಂಬಳವನ್ನು ಹೊರುವ ಸಾಮಾನ್ಯ ನಿಧಿಯಿಂದ. ನವೆಂಬರ್‌ನಲ್ಲಿ ತೆರಿಗೆ ಬೇಡವೆಂದ ಊರಿನಲ್ಲಿ ಒಂದೆರಡು ವರ್ಷ ಬಿಟ್ಟು ಠಾಣೆ ಎದ್ದು ನಿಂತಿದ್ದರೆ, ಪಕ್ಕದ ಲೈಬ್ರರಿ ಸೋಮವಾರ ಬಾಗಿಲು ಹಾಕಿದ್ದರೆ, ಬಜೆಟ್ ಪುಸ್ತಕದಲ್ಲಿ ಹುಡುಕಬೇಕಾದ ಸಾಲು ಈ ಬಾಡಿಗೆಯದು.